ಜಾಲತಾಣದಲ್ಲಿಯೂ ನಾಮಫಲಕ

ವ್ಯಾಪಾರಸ್ಥಳದ ನಾಮಫಲಕದಲ್ಲಿ ಜಿಎಸ್‌ಟಿ ಸಂಖ್ಯೆಯನ್ನು ಪ್ರದರ್ಶಿಸಬೇಕೆಂಬುದು ಜಿಎಸ್‌ಟಿ ನಿಯಮ 18ರ ವಿಧಿ. ಸದಸ್ಯ ಬಾಂಧವರು ಸಾಮಾಜಿಕ ಜಾಲತಾಣದ ತಮ್ಮ ಪುಟವನ್ನೂ ನಾಮಫಲಕವೆಂದೇ ಭಾವಿಸುವುದು ಒಳಿತು. 15 ಅಕ್ಷರಗಳ ಆ ಸಂಖ್ಯೆಯನ್ನು ದೂರದ ಗ್ರಾಹಕನು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮೂದಿಸಿದೊಡನೆ ನೋಂದಾಯಿತ ಹೆಸರು, ವ್ಯಾಪಾರನಾಮ, ನೋಂದಣಿಯ ಸ್ಥಿತಿ ಗೋಚರಿಸುತ್ತವೆ. ಪುಟದ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಮೂರು ಬಗೆಯಾಗಿದ್ದರೆ ಮುಂಗಡ ಕಳುಹಿಸುವವರು ಹಿಂಜರಿಯುವುದು ಸಹಜ. ಯುಪಿಐ ಪಾವತಿಗೆ ಮುನ್ನ ಪರದೆಯ ಮೇಲೆ ಮಾಲೀಕರ ಸೋದರಳಿಯನ ಹೆಸರು ಮೂಡಿದರೆ ಅನುಮಾನಕ್ಕೆ ಬೇರೆ ಕಾರಣ ಬೇಕಿಲ್ಲ! (ಲೆಕ್ಕಪರಿಶೋಧನೆಯಲ್ಲಿಯೂ ಇದು ತೊಡಕು ತರುವ ಅಭ್ಯಾಸವೇ.)

ನೌಕರರಿಂದ ಹೊಗಳಿಕೆ ಬರೆಯಿಸುವ ಪರಿಪಾಠವನ್ನಂತೂ ಕೈಬಿಡತಕ್ಕದ್ದು. ಮಾರಾಟಗಾರನು ಗ್ರಾಹಕನ ಸೋಗಿನಲ್ಲಿ ವಿಮರ್ಶೆ ಪ್ರಕಟಿಸುವುದನ್ನು 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ಬಂದ ದೂರನ್ನು ಅಳಿಸದೆ, ಅದರ ಕೆಳಗೇ ಉತ್ತರಿಸಿ, ಸರಕು ಬದಲಿಸಿಕೊಟ್ಟ ದಿನಾಂಕವನ್ನೂ ಬರೆದ ಪುಟಕ್ಕೆ ಹತ್ತು ಹೊಗಳಿಕೆಗಳಿಗಿಂತ ಹೆಚ್ಚಿನ ತೂಕವಿರುತ್ತದೆ.

ನಿತ್ಯದ ನಿರ್ವಹಣೆಯನ್ನು ಅಂಗಡಿಯ ಹುಡುಗರಿಗೆ ವಹಿಸಬಹುದು. ಆದರೆ ಅಡ್ಮಿನ್ ಅಧಿಕಾರವನ್ನೂ ನೋಂದಾಯಿತ ಮೊಬೈಲ್ ಸಂಖ್ಯೆಯನ್ನೂ ಮಾಲೀಕರು ತಮ್ಮಲ್ಲಿಯೇ ಇರಿಸಿಕೊಳ್ಳಬೇಕು. ಕೆಲಸ ಬಿಟ್ಟುಹೋದವನ ಫೋನಿನಲ್ಲಿ ಸಿಲುಕಿದ ಪುಟವನ್ನು ಮರಳಿ ಪಡೆಯುವುದು ಸುಲಭಸಾಧ್ಯವಲ್ಲ.