ದೀಪ ಇಲ್ಲಿ, ಬೂದಿ ಅಲ್ಲಿ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ-ಖರ್ಚು ಬರೆಯುತ್ತ ಆಯುಷ್ಯ ಕಳೆದವನು ನಾನು. ಒಂದು ಕಡೆ ಜಮೆ ಬರೆದರೆ ಇನ್ನೊಂದು ಕಡೆ ಖರ್ಚು ಬರೆಯಲೇಬೇಕು. ನಮ್ಮ ಮನೆಯ ವಿದ್ಯುತ್ತಿಗೂ ಇದೇ ಲೆಕ್ಕ.

ಗೋವಾದಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರವಿಲ್ಲ. ಛತ್ತೀಸಗಢದ ಕೊರ್ಬಾ, ಮಧ್ಯಪ್ರದೇಶದ ವಿಂಧ್ಯಾಚಲ ಮುಂತಾದ ಕಡೆಯಿಂದ ನಮಗೆ ವಿದ್ಯುತ್ ಬರುತ್ತದೆ. ದೀಪ ಇಲ್ಲಿ ಉರಿಯುತ್ತದೆ, ಬೂದಿ ಅಲ್ಲಿ ಉಳಿಯುತ್ತದೆ.

ಬೂದಿ ಎಷ್ಟು? ನಮ್ಮ ದೇಶದ ಕಲ್ಲಿದ್ದಲು 100 ಕಿಲೋ ಸುಟ್ಟರೆ ಸುಮಾರು 30ರಿಂದ 40 ಕಿಲೋ ಬೂದಿ. ಒಲೆಯ ಬೂದಿಯಿಂದ ಪಾತ್ರೆ ತಿಕ್ಕಿದವರಿಗೆ ಇದರಲ್ಲೇನು ಭಯ ಎನಿಸಬಹುದು. ಆದರೆ ಇದು ಕಟ್ಟಿಗೆಯ ಬೂದಿಯಲ್ಲ. ಇದರಲ್ಲಿ ಆರ್ಸೆನಿಕ್, ಸೀಸ, ಕ್ರೋಮಿಯಂಗಳ ಅಂಶವಿರುತ್ತದೆ.

ಹೊಗೆಯೊಡನೆ ಏಳುವ ಹಾರುಬೂದಿಯನ್ನು ಯಂತ್ರಗಳು ಹಿಡಿಯುತ್ತವೆ. ಸಿಮೆಂಟಿಗೆ, ಇಟ್ಟಿಗೆಗೆ ಹೋಗದೆ ಉಳಿದ ಬೂದಿಗೆ ಸಾಮಾನ್ಯವಾಗಿ ನೀರು ಬೆರೆಸಿ, ಏರಿ ಕಟ್ಟಿದ ಹೊಂಡಕ್ಕೆ ಕೊಳವೆಯಲ್ಲಿ ಬಿಡುತ್ತಾರೆ. ಹೊಂಡದ ನೀರು ಇಂಗಿ ಬಾವಿ ಸೇರಬಹುದು. ಹೊಂಡ ಒಣಗಿದರೆ ಬೇಸಿಗೆಯ ಗಾಳಿಗೆ ಬೂದಿ ಎದ್ದು ಬೆಳೆಯ ಮೇಲೆ, ನೀರಿನ ಕೊಡದ ಮೇಲೆ ಕೂರುತ್ತದೆ. ಮಕ್ಕಳ ಎದೆಯೊಳಗೂ ಇಳಿಯುತ್ತದೆ. ಏರಿ ಒಡೆದರಂತೂ ಅನಾಹುತವೇ. 2019ರ ಅಕ್ಟೋಬರಿನಲ್ಲಿ ಇದೇ ವಿಂಧ್ಯಾಚಲ ಸ್ಥಾವರದ ಹೊಂಡದ ಏರಿ ಒಡೆದು ಬೂದಿ ಹರಿಯಿತು. 2020ರ ಏಪ್ರಿಲ್ 10ರಂದು ಅದೇ ಸಿಂಗ್ರೌಲಿ ಜಿಲ್ಲೆಯ ಸಾಸನದಲ್ಲಿ ಮತ್ತೊಂದು ಸ್ಥಾವರದ ಏರಿ ಒಡೆದು ಆರು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಇದು ದೂರದ ಮಾತಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಡದ ಸ್ಥಾವರ 1985ರಿಂದ ನಡೆದಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಸ್ಥಾವರವಿದೆ. ವಾಸ್ಕೋದಲ್ಲಿ ದುಡಿಯುವ ನಮ್ಮವರು ಅನೇಕರು ಆ ಸೀಮೆಯವರೇ.

ಆ ಕಡೆ ನಿಮ್ಮ ಬಂಧುಗಳಿದ್ದರೆ ಎರಡು ಮಾತು ತಿಳಿಸಿರಿ. ಮೊದಲನೆಯದು: ನೀರು ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಸೀಸ ಹೋಗುವುದಿಲ್ಲ. ಆದ್ದರಿಂದ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು. ಎರಡನೆಯದು: ಬೂದಿ ಬಿದ್ದ ದಿನ, ಹಾಳಾದ ಬೆಳೆ ಇವನ್ನು ಬರೆದಿಟ್ಟು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಬೇಕು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಬೂದಿಯನ್ನೆಲ್ಲ ಉಪಯೋಗಿಸಬೇಕು, ತಪ್ಪಿದರೆ ಸ್ಥಾವರವೇ ದಂಡ ತೆರಬೇಕು ಎಂದು ಕೇಂದ್ರ ಸರಕಾರದ 2021ರ ಡಿಸೆಂಬರ್ 31ರ ಅಧಿಸೂಚನೆ ಹೇಳುತ್ತದೆ. ಕಾಗದ ಕೈಯಲ್ಲಿದ್ದರೆ ಕೇಳುವವನ ಮಾತಿಗೆ ತೂಕ ಬರುತ್ತದೆ.

ಇನ್ನು ನಾವು? ಬರಿದಾದ ಕೋಣೆಯ ದೀಪವನ್ನಾದರೂ ಆರಿಸೋಣ. ಅದರ ಖರ್ಚು ಯಾರದೋ ಊರಿನ ಲೆಕ್ಕಕ್ಕೆ ಬೀಳುತ್ತಿದೆ.