ಕಿಟೆಲ್! ಆ ಹೆಸರಿನಲ್ಲಿ ಏನಡಗಿದೆ, ಹೇಳಿ ನೋಡೋಣ!

ಕೋಲಾರದ ಚಿನ್ನದ ಗಣಿ ಸೀಮೆಯ ಮಾರಿಕುಪ್ಪಂನಲ್ಲಿ ರೈಲು ಹತ್ತಿ. ಚಾಂಪಿಯನ್, ಊರಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆ ಹಾದು ಬೆಂಗಳೂರಲ್ಲಿ ಇಳಿಯಿರಿ. ಎಂ.ಜಿ. ರಸ್ತೆಗೆ ಹೋಗಿ. ಅಲ್ಲೊಂದು ಪ್ರತಿಮೆ. ಯಾರದು? ಜರ್ಮನಿಯಿಂದ ಬಂದ ಪಾದ್ರಿ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಅವರದು!

ಅವರ ನಿಘಂಟು ಯಾರಿಗೆ ಗೊತ್ತಿಲ್ಲ! ಸುಮಾರು 70,000 ಕನ್ನಡ ಪದಗಳಿಗೆ ಅರ್ಥ ಕೊಟ್ಟ ಮಹಾನುಭಾವರು. ಆದರೆ ಅವರ ಹೆಸರಿಗೇ ಅರ್ಥವೇನು? ಯಾವತ್ತಾದರೂ ಯೋಚಿಸಿದ್ದೀರಾ?

ಊಹಿಸಿ! ಊರೇ? ಅಲ್ಲ. ಬೆಟ್ಟವೇ? ಅಲ್ಲ. ರಾಜಮನೆತನವೇ? ಅಲ್ಲವೇ ಅಲ್ಲ!

ಅಂಗಿ! ಹೌದು, ಅಂಗಿ!

ಸಡಿಲವಾದ ನಿಲುವಂಗಿ. ಕೆಲಸ ಮಾಡುವಾಗ ಮೈಮೇಲಿನ ಬಟ್ಟೆ ಕೊಳೆಯಾಗದಿರಲೆಂದು ಮೇಲೆ ತೊಡುವಂಥದ್ದು. ಮಧ್ಯಯುಗದ ಜರ್ಮನಿಯಲ್ಲಿ ಅದನ್ನು ಹೊಲಿಯುವವನಿಗೋ, ಸದಾ ತೊಟ್ಟು ಓಡಾಡುವವನಿಗೋ ಅದೇ ಹೆಸರು ಅಂಟಿಕೊಂಡಿತು. ಮಕ್ಕಳು, ಮರಿಮಕ್ಕಳಿಗೂ ಅದೇ ಉಳಿಯಿತು!

ಆ ಪದ ಇಂದಿಗೂ ಜೀವಂತ! ಜರ್ಮನಿಯ ವೈದ್ಯರು ತೊಡುವ ಬಿಳಿ ಕೋಟು? ಅದೂ ಕಿಟೆಲ್. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ ಯಹೂದಿಗಳು ತೊಡುವ ಬಿಳಿ ನಿಲುವಂಗಿ? ಅದೂ ಕಿಟೆಲ್!

ನಿಲ್ಲಿ, ಇನ್ನೂ ಇದೆ! ಮಾರಿಕುಪ್ಪಂ ಸೀಮೆಯ ಚಿನ್ನದ ಗಣಿಗಳನ್ನು 1880ರಿಂದ ನಡೆಸಿದ ಕಂಪನಿ ಯಾವುದು? ಜಾನ್ ಟೇಲರ್ ಅಂಡ್ ಸನ್ಸ್. ಟೇಲರ್ ಅಂದರೆ ದರ್ಜಿ! ಅಲ್ಲೂ ಬಟ್ಟೆಯ ನಂಟು! ಜರ್ಮನ್ನರಲ್ಲಿ ಇದೇ ಹೆಸರು ಷ್ನೈಡರ್.

ನಮ್ಮಲ್ಲಿ? ಕೋಲಾರದ ಕಡೆ ಹೆಸರಿನ ಮುಂದೆ ಇನಿಷಿಯಲ್ ಹಾಕಿದರೆ ಮುಗಿಯಿತು. ಉತ್ತರ ಕರ್ನಾಟಕಕ್ಕೆ ಬನ್ನಿ. ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣ. ಸಿಂಪಿ ಅಂದರೂ ದರ್ಜಿಯೇ! ಜರ್ಮನ್ ಷ್ಮಿಟ್ ಅಂದರೆ ಕಮ್ಮಾರ. ನಮ್ಮಲ್ಲಿ ಚಂದ್ರಶೇಖರ ಕಂಬಾರರಿಲ್ಲವೇ! ಬಡಿಗೇರ, ಪತ್ತಾರ, ಹೂಗಾರ... ಎಲ್ಲವೂ ದುಡಿಮೆಯಿಂದ ಹುಟ್ಟಿದ ಹೆಸರುಗಳೇ!

ಮತ್ತೆ ನಮ್ಮ ಕಿಟೆಲ್ ಕಡೆಗೆ ಬನ್ನಿ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು? 1894ರಲ್ಲಿ! 41 ವರ್ಷಗಳ ಅಂತರ! ದುಡಿಯುವವರ ಅಂಗಿಯ ಹೆಸರು ಅವರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಇಂದು ಆ ಹೆಸರು ಹೇಳಿದರೆ ಸಾಕು, ಕನ್ನಡಿಗರಿಗೆ ನಿಘಂಟೇ ಕಣ್ಣಮುಂದೆ ಬರುತ್ತದೆ!

ಈಗ ನಿಮ್ಮ ಸರದಿ. ನಿಮ್ಮ ಮನೆತನದ ಹೆಸರು ಎಲ್ಲಿಂದ ಬಂತು? ಇವತ್ತೇ ಮನೆಯ ಹಿರಿಯರನ್ನು ಕೇಳಿ. ಅವರಿಗೂ ತಿಳಿಯದಿದ್ದರೆ ಕಿಟೆಲ್ ನಿಘಂಟನ್ನು ತೆರೆಯಿರಿ!