ಪಿತ್ತಕೋಶದ ಕಲ್ಲಿಗೆ ಶಸ್ತ್ರ ಯಾವಾಗ?

ನೆತ್ತಿಗೇರಿದ ಸಿಟ್ಟನ್ನು ನಾವು ಪಿತ್ತದ ಲೆಕ್ಕಕ್ಕೆ ಬರೆಯುತ್ತ ಬಂದವರು. ಆದರೆ ಪಿತ್ತದ ನಿಜವಾದ ನೆಲೆ ಯಕೃತ್ತಿನ ಅಡಿಯಲ್ಲಿ ತೂಗುವ, ಎಳೆಯ ಬದನೆಕಾಯಿಯಷ್ಟಿರುವ ಒಂದು ಚೀಲ. ಯಕೃತ್ತು ಸ್ರವಿಸಿದ ರಸವನ್ನು ಅದು ಕೂಡಿಟ್ಟುಕೊಂಡು, ಜಿಡ್ಡಿನ ಊಟ ಕರುಳಿಗಿಳಿದಾಗ ಸಂಕುಚಿಸಿ ಹೊರಚೆಲ್ಲುತ್ತದೆ. ಆ ರಸದಲ್ಲಿ ಕೊಲೆಸ್ಟರಾಲ್ ಮಿತಿಮೀರಿದರೆ ಹರಳುಗಟ್ಟಿ, ವರ್ಷಗಳು ಕಳೆದಂತೆ ಕಲ್ಲಾಗುತ್ತದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬೇರಾವುದೋ ಕಾರಣಕ್ಕೆ ಗದಗ-ಬೆಟಗೇರಿಗೆ ಬಂದು ಸ್ಕ್ಯಾನಿಂಗ್ ಮಾಡಿಸಿಕೊಂಡವರು ಈ ಕಲ್ಲಿನ ವಾರ್ತೆಯನ್ನು ಹೊತ್ತು ಮರಳುವುದುಂಟು. ಒಡನೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ಆಪರೇಷನ್ ಆಗಲೇಬೇಕೆ?

ಕಲ್ಲು ಇದೆಯೆಂಬುದಕ್ಕಿಂತ ಅದು ಹೇಗೆ ನಡೆದುಕೊಳ್ಳುತ್ತಿದೆ ಎಂಬುದು ಮುಖ್ಯ. ನೋವು ಕೊಡದ ಕಲ್ಲುಳ್ಳ 100 ಮಂದಿಯಲ್ಲಿ ವರ್ಷಕ್ಕೆ 1ರಿಂದ 4 ಮಂದಿಗಷ್ಟೇ ತೊಂದರೆ ತಲೆದೋರುತ್ತದೆ. ಬಹುಪಾಲು ಜನ ಆ ಕಲ್ಲಿನೊಡನೆಯೇ ನೆಮ್ಮದಿಯಾಗಿ ಬಾಳುತ್ತಾರೆ. ಅಂಥವರು ಸಾಲ ಮಾಡಿ ಆಸ್ಪತ್ರೆ ಸೇರಬೇಕಾಗಿಲ್ಲ. ಕಲ್ಲು 3 ಸೆಂಟಿಮೀಟರಿಗೂ ದೊಡ್ಡದಿದ್ದರೆ, ಕೋಶದ ಗೋಡೆ ಸುಣ್ಣಗಟ್ಟಿದ್ದರೆ, ಒಳಗೆ 1 ಸೆಂಟಿಮೀಟರಿಗೆ ಮೀರಿದ ಗಂಟಿದ್ದರೆ ಮಾತು ಬೇರೆ. ಅಲ್ಲಿ ಕ್ಯಾನ್ಸರಿನ ಶಂಕೆಯಿರುವುದರಿಂದ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು.

ಮಾತನಾಡುವ ಕಲ್ಲಿನ ಲಕ್ಷಣ ಸ್ಪಷ್ಟ. ಹಬ್ಬದೂಟವಾದ ಮೇಲೆ, ಹೆಚ್ಚಾಗಿ ರಾತ್ರಿ, ಬಲಪಕ್ಕೆಯ ಕೆಳಗೋ ಎದೆಗುಂಡಿಯ ಬಳಿಯೋ ನೋವು ಹುಟ್ಟಿ ಬೆನ್ನಿಗೆ, ಬಲಭುಜಕ್ಕೆ ಹಬ್ಬುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಹಿಂಡುತ್ತದೆ. ಬರಿಯ ತೇಗು, ಹೊಟ್ಟೆಯುಬ್ಬರಗಳಿಗೆ ಕಲ್ಲೇ ಕಾರಣವೆನ್ನಲಾಗದು. ಆದರೆ ಇಂಥ ನೋವು ಒಮ್ಮೆ ಬಂದಿತೆಂದರೆ ಮರಳಿ ಬರುವ ಸಂಭವವೇ ಹೆಚ್ಚು. ಆಗ ಬಿಡುವು ನೋಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ವಿವೇಕ. ಮೂತ್ರಪಿಂಡದ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸ ಇದನ್ನು ಕರಗಿಸಲಾರದು.

ನೋವು ಐದಾರು ಗಂಟೆ ಮೀರಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ಬಿಡುವಿನ ಮಾತೇ ಇಲ್ಲ. ಕೋಶ ಬಾತಿರಬಹುದು, ಕಲ್ಲು ನಾಳಕ್ಕಿಳಿದು ಕಾಮಾಲೆಯನ್ನೋ ಮೇದೋಜೀರಕದ ಉರಿಯೂತವನ್ನೋ ತಂದಿರಬಹುದು. 'ಗ್ಯಾಸು' ಎಂದು ಸೋಡಾ ಕುಡಿದು ಕಾಯುವ ಒಂದು ರಾತ್ರಿ ಪ್ರಾಣಕ್ಕೇ ಎರವಾದೀತು. ಎದೆಗುಂಡಿಯ ನೋವು ಹೃದಯದ್ದೂ ಇರಬಹುದೆಂಬುದನ್ನು ಮರೆಯಬಾರದು.

ಕಲ್ಲನ್ನಷ್ಟೇ ತೆಗೆದರೆ ಸಾಲದೆ ಎಂದು ಕೇಳುವವರಿದ್ದಾರೆ. ಕಲ್ಲು ಕಟ್ಟುವ ಚೀಲವನ್ನೇ ತೆಗೆಯಬೇಕೆಂದು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿಯೇ ಮಾಡಿ ತೋರಿಸಿದನು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅದನ್ನು ದೂರ್ಬೀನಿನ ನೆರವಿನಿಂದ ಸಾಧಿಸಿದ ಮೇಲೆ ಗಾಯವೂ ಕಿರಿದಾಯಿತು. ಕೋಶ ಹೋದರೂ ಪಿತ್ತರಸ ನೇರವಾಗಿ ಕರುಳಿಗಿಳಿಯುವುದರಿಂದ ಜೀರ್ಣಕ್ರಿಯೆ ನಿಲ್ಲುವುದಿಲ್ಲ.

ಆದುದರಿಂದ ಸ್ಕ್ಯಾನಿಂಗ್ ವರದಿಯನ್ನು ಕಂಡು ಹೆದರುವ ಮೊದಲು ನೋವಿನ ಚರಿತ್ರೆಯನ್ನು ವೈದ್ಯರ ಮುಂದೆ ಬಿಚ್ಚಿ ಹೇಳಿರಿ. ನಿರ್ಧಾರದ ಅರ್ಧಭಾಗ ಆ ಮಾತಿನಲ್ಲಿಯೇ ಇರುತ್ತದೆ.